ಹಳೆಯ ಇಗರ್ಜಿ ಈಗ ಊರಿನ ಕಲಾಕೇಂದ್ರ: ದುರಸ್ತಿಗೆ ಹಣ ಎಲ್ಲಿಂದ?

ಬಳಕೆ ತಪ್ಪಿದ ಇಗರ್ಜಿಯೊಂದನ್ನು ಕಲಾಕೇಂದ್ರವಾಗಿ ನಡೆಸುತ್ತಿರುವ ಹೊನ್ನಾವರ ತಾಲೂಕಿನ ಸಮಿತಿಯೊಂದು ಕಟ್ಟಡದ ದುರಸ್ತಿಯ ಬಗ್ಗೆ ನಮಗೆ ಬರೆದಿದೆ. ಅದೇ ವಿಷಯವನ್ನು ಕುರಿತು ಜಿಲ್ಲೆಯ ಬೇರೆ ಊರುಗಳಿಂದಲೂ ಪ್ರಶ್ನೆಗಳು ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಊರಿನಲ್ಲಿ ಹೊಸ ಇಗರ್ಜಿ ಎದ್ದ ಮೇಲೆ ಹಳೆಯದು ಹಲವು ವರ್ಷ ಮುಚ್ಚಿಯೇ ಇತ್ತು. ಧರ್ಮಪ್ರಾಂತ್ಯದವರ ಒಪ್ಪಿಗೆ ಪಡೆದು ಈಗ ಅಲ್ಲಿ ತಾಳಮದ್ದಳೆ, ಮಕ್ಕಳ ಯಕ್ಷಗಾನ ತರಗತಿ, ಕನ್ನಡ ಮತ್ತು ಕೊಂಕಣಿ ನಾಟಕ, ಚಿತ್ರಪ್ರದರ್ಶನಗಳನ್ನು ನಡೆಸುತ್ತಿದ್ದೇವೆ. ಕಳೆದ ಮಳೆಗಾಲ ಮುಗಿದ ಮೇಲೆ ನೋಡಿದರೆ ದಕ್ಷಿಣದ ಉದ್ದಗೋಡೆ ಹೊರಕ್ಕೆ ವಾಲಿದೆ, ಮಾಡಿನ ತೊಲೆಗಳ ತುದಿ ಲಡ್ಡಾಗಿದೆ. ಗುತ್ತಿಗೆದಾರರೊಬ್ಬರು ಎಲ್ಲ ಸೇರಿ ನಲವತ್ತು ಲಕ್ಷ ರೂಪಾಯಿ ಬೇಕೆಂದಿದ್ದಾರೆ. ಇಷ್ಟು ಹಣಕ್ಕೆ ಯಾರನ್ನು ಕೇಳಬೇಕು? (ಹೊನ್ನಾವರ ತಾಲೂಕಿನ ಕಲಾ ಸಮಿತಿ)

ಉತ್ತರ: ಯಾರನ್ನು ಕೇಳಬೇಕು ಎಂಬುದಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದ ಸಂಗತಿಯೊಂದಿದೆ. ಆ ಕಟ್ಟಡವನ್ನು ದುರಸ್ತಿ ಮಾಡುವ, ಅದಕ್ಕಾಗಿ ಹಣ ಎತ್ತುವ ಹಕ್ಕು ನಿಮ್ಮ ಸಮಿತಿಗೆ ಕಾಗದದ ಮೇಲೆ ಇದೆಯೇ? ಧರ್ಮಪ್ರಾಂತ್ಯದ ಒಪ್ಪಿಗೆ ಬಾಯಿಮಾತಿನದಾಗಿದ್ದರೆ, ಅಥವಾ ವರ್ಷವರ್ಷವೂ ನವೀಕರಿಸುವ ಪತ್ರವಾಗಿದ್ದರೆ, ಯಾವ ಕಂಪನಿಯೂ ಯಾವ ಇಲಾಖೆಯೂ ಗೋಡೆ ಮತ್ತು ಮಾಡಿಗೆ ದೊಡ್ಡ ಮೊತ್ತ ಕೊಡಲಾರದು. ನಾಳೆ ಕಟ್ಟಡ ಸಮಿತಿಯ ಕೈತಪ್ಪಿದರೆ ಆ ಹಣದ ಗತಿಯೇನು ಎಂದು ಅವರು ಕೇಳಿಯೇ ಕೇಳುತ್ತಾರೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಕನಿಷ್ಠ ಇಪ್ಪತ್ತು ವರ್ಷದ ಕರಾರನ್ನು ಕೇಳಿರಿ ಎಂಬುದು ನನ್ನ ಸಲಹೆ, ಮತ್ತು ದುರಸ್ತಿ ಯಾರ ಹೊಣೆ, ಕರಾರು ನಡುವೆ ಮುರಿದರೆ ಖರ್ಚು ಮಾಡಿದ ಹಣದ ಲೆಕ್ಕ ಹೇಗೆ ಎಂಬ ಎರಡು ಮಾತುಗಳು ಅದರಲ್ಲಿ ಸ್ಪಷ್ಟವಾಗಿರಲಿ. ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ರೂಪುಗೊಂಡದ್ದರಿಂದ, ಅದಕ್ಕಿಂತ ಹಿಂದಿನ ಕಾಗದಪತ್ರಗಳನ್ನು ಬೆಳಗಾವಿಯಲ್ಲಿಯೂ ಹುಡುಕಬೇಕಾದೀತು. ಪಹಣಿಯಲ್ಲಿ ಯಾರ ಹೆಸರಿದೆ ಎಂಬುದನ್ನೂ ಈಗಲೇ ನೋಡಿಕೊಳ್ಳಿ.

ಎರಡನೆಯದಾಗಿ, ನಲವತ್ತು ಲಕ್ಷ ಎಂಬುದು ಒಬ್ಬ ಗುತ್ತಿಗೆದಾರರ ಊಹೆಯೇ ಹೊರತು ಅಂದಾಜುಪಟ್ಟಿಯಲ್ಲ. ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿ ಅನುಭವವಿರುವ ಸಂರಕ್ಷಣಾ ವಾಸ್ತುಶಿಲ್ಪಿ ಮತ್ತು ರಚನಾ ಎಂಜಿನಿಯರ್ ಇಬ್ಬರಿಂದಲೂ ಸ್ಥಿತಿಗತಿಯ ವರದಿ ಬರೆಸಿರಿ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆಂದು 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯನ್ನು ಕೇಳಿದರೆ ಅಂಥ ಪರಿಣತರ ಪರಿಚಯ ಸಿಗುತ್ತದೆ. ಸರ್ಕಾರದ ಸಂರಕ್ಷಿತ ಪಟ್ಟಿಗೆ ಸೇರದ ಇಂಥ ಕಟ್ಟಡಗಳಿಗೆಂದೇ ಅದು 2004ರಲ್ಲಿ ಒಂದು ಸನ್ನದನ್ನು ರೂಪಿಸಿದೆ. ವರದಿಗೆ ತಗಲುವ ಶುಲ್ಕವನ್ನು ನೋಡಿ ಸಮಿತಿಗಳು ಹಿಂಜರಿಯುವುದನ್ನು ಕಂಡಿದ್ದೇನೆ. ನಿಮ್ಮ ಕೈಯಲ್ಲಿರುವ ಹಣದಲ್ಲಿ ಮೊದಲ ಖರ್ಚು ಇದಾಗಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ನೀವು ವಿವರಿಸಿದ ಎರಡು ದೋಷಗಳು ಬಹುಶಃ ಒಂದೇ ದೋಷದ ಎರಡು ಮುಖಗಳು.

ಹೆಂಚಿನ ಮಾಡಿನ ಇಳಿಜಾರು ತನ್ನ ಭಾರದಿಂದ ಗೋಡೆಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಗೋಡೆಯಿಂದ ಗೋಡೆಗೆ ಅಡ್ಡ ಹಾಯುವ ತೊಲೆ ಆ ತಳ್ಳುವಿಕೆಯನ್ನು ಹಿಡಿದು ನಿಲ್ಲಿಸುತ್ತದೆ. ನೈರುತ್ಯದಿಂದ ಬೀಸಿ ಬರುವ ಮಳೆ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುತ್ತದೆ; ಅದರ ಹೊಡೆತಕ್ಕೆ ನೇರವಾಗಿ ಸಿಗುವುದು ದಕ್ಷಿಣ ಮತ್ತು ಪಶ್ಚಿಮದ ಗೋಡೆಗಳು. ಸೂರಂಚಿನಲ್ಲಿ ಒಡೆದ ಹೆಂಚಿನಿಂದ ಇಳಿದ ನೀರು ಗೋಡೆಯ ತಲೆಯನ್ನು ನೆನೆಸುತ್ತದೆ, ಅಲ್ಲಿ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ, ಕೊಳೆತ ತೊಲೆ ಹಿಡಿತ ಬಿಡುತ್ತದೆ, ಗೋಡೆ ವಾಲುತ್ತದೆ. ಹೀಗಿದ್ದಲ್ಲಿ ಗೋಡೆಯನ್ನು ಕೆಡವಿ ಕಟ್ಟುವ ಅಗತ್ಯ ಬೀಳದೆ, ತೊಲೆಗಳ ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಗಟ್ಟಿಮರ ಬೆಸೆದು, ಬೇಕಾದ ಕಡೆ ಉಕ್ಕಿನ ಬಿಗಿಸರಳು ಹಾಕಿ ಕಟ್ಟಡವನ್ನು ಉಳಿಸಲು ಸಾಧ್ಯವಾಗಬಹುದು. ಆದರೆ ಗೋಡೆ ಇನ್ನೂ ಚಲಿಸುತ್ತಿದೆಯೇ, ಅಡಿಪಾಯ ಕುಸಿದಿದೆಯೇ ಎಂಬುದನ್ನು ಎಂಜಿನಿಯರೇ ಹೇಳಬೇಕು. ಬಿರುಕಿನ ಮೇಲೆ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ದಿನಾಂಕ ಬರೆದಿಟ್ಟರೆ, ಅದು ಸೀಳುವುದೋ ಇಲ್ಲವೋ ಎಂಬುದರಿಂದ ಒಂದು ಸೂಚನೆ ಸಿಗುತ್ತದೆ. ಅದಕ್ಕೆ ಖರ್ಚೇ ಇಲ್ಲ. ಅವರು ಬಂದು ನೋಡುವವರೆಗೆ ಆ ಗೋಡೆಯ ಪಕ್ಕದಲ್ಲಿ ಮಕ್ಕಳನ್ನು ಕೂರಿಸಬೇಡಿ, ತರಗತಿಗಳನ್ನು ಬೇರೆಡೆಗೆ ಸಾಗಿಸಿ.

ವರದಿ ಬಂದ ಮೇಲೆ ಇಡೀ ಕೆಲಸವನ್ನು ಒಂದೇ ಮೊತ್ತವಾಗಿ ಯಾರ ಮುಂದೆಯೂ ಇಡಬೇಡಿ. ಅರ್ಧಕ್ಕೆ ನಿಂತರೂ ಕಟ್ಟಡಕ್ಕೆ ಹಾನಿಯಾಗದಂತೆ, ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣವಾಗಿರುವ ಹಂತಗಳಾಗಿ ಅದನ್ನು ಒಡೆಯಿರಿ. ಗೋಡೆಗೆ ತಾತ್ಕಾಲಿಕ ಆಧಾರ, ಹೆಂಚು, ಸೂರಿನ ನೀರುದೋಣಿ, ಗೋಡೆಯ ಬುಡದಿಂದ ನೀರು ಹರಿದುಹೋಗುವ ಚರಂಡಿ ಮೊದಲ ಹಂತ. ತೊಲೆ ಮತ್ತು ಗೋಡೆ ಎರಡನೆಯದು. ನೆಲ, ವಿದ್ಯುತ್ತು, ಶೌಚಾಲಯ, ರಂಗದ ಬೆಳಕು ಕೊನೆಯದು. ದಾನಿಗಳು ಸಾಮಾನ್ಯವಾಗಿ ತಮ್ಮ ಹೆಸರು ಕೆತ್ತಿಸಬಹುದಾದ ವೇದಿಕೆಗೋ ಆಸನಗಳಿಗೋ ಕೊಡಲು ಮುಂದಾಗುತ್ತಾರೆ, ಚರಂಡಿಗೆ ಯಾರೂ ಮುಂದಾಗುವುದಿಲ್ಲ. ಆದ್ದರಿಂದ ಯಾವ ಷರತ್ತೂ ಇಲ್ಲದೆ ಊರಿನಲ್ಲಿ ಸಂಗ್ರಹವಾಗುವ ಹಣವನ್ನು ಕಣ್ಣಿಗೆ ಕಾಣದ ಮೊದಲ ಹಂತಕ್ಕೆ ಕಾದಿರಿಸಿ, ಹೊರಗಿನ ದೊಡ್ಡ ಹಣವನ್ನು ಎರಡನೆಯ ಹಂತಕ್ಕೆ, ಹೆಸರಿನ ದಾನಗಳನ್ನು ಮೂರನೆಯ ಹಂತಕ್ಕೆ ಕೇಳಿರಿ. ಅಂದಾಜಿನಲ್ಲಿ 18 ಶೇಕಡಾ ಸರಕು ಮತ್ತು ಸೇವಾ ತೆರಿಗೆಯನ್ನು ಸೇರಿಸಲು ಮರೆಯಬೇಡಿ. ಹಳೆಯ ಗೋಡೆಯನ್ನು ಬಿಚ್ಚಿದಾಗ ಒಳಗೇನಿದೆಯೋ ಬಲ್ಲವರಿಲ್ಲವಾದ್ದರಿಂದ ಅನಿರೀಕ್ಷಿತ ಖರ್ಚಿಗೆಂದು ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟನ್ನು ಬೇರೆಯಾಗಿಯೇ ತೋರಿಸಿ.

ಸರ್ಕಾರದ ಕಡೆಯಿಂದ ನೋಡುವುದಾದರೆ, ಕೇಂದ್ರ ಸಂಸ್ಕೃತಿ ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆಯಲ್ಲಿ ಸಾಂಸ್ಕೃತಿಕ ಸಂಸ್ಥೆಗಳಿಗೆ ಕಟ್ಟಡ ಅನುದಾನದ ವಿಭಾಗವೊಂದಿದೆ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕ ದಾನಿಯೊಬ್ಬರು ನಿರ್ದಿಷ್ಟ ಕಟ್ಟಡಕ್ಕೆಂದೇ ಹಣ ಕೊಡುವ ಒಪ್ಪಂದವೂ ಸಾಧ್ಯ. ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಎಲ್ಲರೂ ಮೊದಲು ನೆನೆಯುತ್ತಾರೆ. ಆದರೆ ಸಂಸದರ ನಿಧಿಯ ಮಾರ್ಗಸೂಚಿ ಆರಾಧನಾಸ್ಥಳದಲ್ಲಿಯೂ ಧಾರ್ಮಿಕ ಸಂಸ್ಥೆಯ ಒಡೆತನದ ನೆಲದಲ್ಲಿಯೂ ಕಾಮಗಾರಿಯನ್ನು ನಿಷೇಧಿಸುತ್ತದೆ. ನಿಮ್ಮಲ್ಲಿ ಪೂಜೆ ನಿಂತಿರಬಹುದು, ನೆಲ ಇನ್ನೂ ಧರ್ಮಪ್ರಾಂತ್ಯದ್ದೇ. ಆ ಬಾಗಿಲನ್ನು ತಟ್ಟಿ ಒಂದು ವರ್ಷ ಕಳೆದುಕೊಳ್ಳಬೇಡಿ.

ಪ್ರಶ್ನೆ: ಜಿಲ್ಲೆಯಲ್ಲಿ ದೊಡ್ಡ ಕೈಗಾರಿಕೆಗಳಿವೆ. ಅವುಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಶಾಲೆ, ಆಸ್ಪತ್ರೆಗಳಿಗೆ ಮಾತ್ರವೇ, ಹಳೆಯ ಕಟ್ಟಡಕ್ಕೂ ಸಿಗುತ್ತದೆಯೇ? (ಕಾರವಾರ)

ಉತ್ತರ: ಸಿಗುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2 ಶೇಕಡಾವನ್ನು ಇಂಥ ಕೆಲಸಗಳಿಗೆ ವಿನಿಯೋಗಿಸಬೇಕು; ಆ ಕೆಲಸಗಳು ಯಾವುವೆಂದು ಹೇಳುವ ಏಳನೆಯ ಅನುಸೂಚಿಯಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳ ಪುನರುದ್ಧಾರವೂ, ಪಾರಂಪರಿಕ ಕಲೆಗಳ ಅಭಿವೃದ್ಧಿಯೂ ಸೇರಿವೆ. ಯಕ್ಷಗಾನ ಕಲಿಸುವ ಹಳೆಯ ಇಗರ್ಜಿ ಈ ಎರಡರ ಅಡಿಯಲ್ಲಿಯೂ ಬರುತ್ತದೆಂದು ಮನವಿಯಲ್ಲಿ ಧೈರ್ಯವಾಗಿ ಬರೆಯಬಹುದು. ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ ಕೈಗಾ ಅಣುವಿದ್ಯುತ್ ಕೇಂದ್ರವನ್ನು ನಡೆಸುವ ನಿಗಮ, ಬಿಣಗಾ ಮತ್ತು ದಾಂಡೇಲಿಯ ಕಾರ್ಖಾನೆಗಳು ಮೊದಲು ಕೇಳಬೇಕಾದ ಸ್ಥಳಗಳು. ಅವುಗಳ ಸುತ್ತಲಿನ ಹಳ್ಳಿಗಳ ಕುಡಿಯುವ ನೀರಿನ ಬೇಡಿಕೆಯೊಂದಿಗೆ ನಿಮ್ಮ ಮನವಿ ಪೈಪೋಟಿ ನಡೆಸಬೇಕಾಗುತ್ತದೆ ಎಂಬುದೂ ನಿಜ, ಆ ಪೈಪೋಟಿಯಲ್ಲಿ ನೀವು ಸೋತರೆ ಅದು ಅನ್ಯಾಯವೂ ಅಲ್ಲ.

ಸಮಿತಿಗಳು ಎಡವುವುದು ಅರ್ಹತೆಯ ವಿಷಯದಲ್ಲಿ. ಹಣ ಪಡೆಯುವ ಟ್ರಸ್ಟ್ ಅಥವಾ ಸಂಘಕ್ಕೆ ಆದಾಯ ತೆರಿಗೆಯ 12ಎಬಿ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ವಿನಾಯಿತಿ) ಮಾನ್ಯತೆಗಳು, ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ, ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಇಂಥ ಹಣ ಪಡೆಯುವ ಸಂಸ್ಥೆಗಳಿಗೆಂದೇ ಇರುವ ಸಿಎಸ್‌ಆರ್-1 ನಮೂನೆಯ ನೋಂದಣಿ ಇರಬೇಕು. ಹೊಸದಾಗಿ ಹುಟ್ಟಿದ ಸಮಿತಿಗೆ ಮೂರು ವರ್ಷದ ಚರಿತ್ರೆ ಇರುವುದಿಲ್ಲ. ಆಗ ಅರ್ಹತೆಯಿರುವ ಹಳೆಯ ಸಂಸ್ಥೆಯೊಂದರ ಮೂಲಕ ಕಾಮಗಾರಿ ನಡೆಸುವುದು ಗೌರವಯುತವಾದ ದಾರಿಯೇ. ನೆರೆಯ ಗೋವಾದ ರೇಯಿಶ್ ಮಾಗುಶ್ ಕೋಟೆ ಪಾಳುಬಿದ್ದ ಸ್ಥಿತಿಯಿಂದ ಎದ್ದು 2012ರಲ್ಲಿ ಸಾಂಸ್ಕೃತಿಕ ಕೇಂದ್ರವಾಗಿ ಜನರಿಗೆ ತೆರೆದುಕೊಂಡದ್ದು ಗೋವಾ ಸರ್ಕಾರ, ಇಂಟ್ಯಾಕ್ ಮತ್ತು ಬ್ರಿಟನ್ನಿನ ಹೆಲೆನ್ ಹ್ಯಾಮ್ಲಿನ್ ಟ್ರಸ್ಟ್ ಈ ಮೂವರು ಕೈಜೋಡಿಸಿದ್ದರಿಂದ. ಒಡೆಯರು ಒಬ್ಬರು, ಪರಿಣತರು ಇನ್ನೊಬ್ಬರು, ಹಣ ಕೊಟ್ಟವರು ಮತ್ತೊಬ್ಬರು. ನಿಮ್ಮ ಕೆಲಸ ಎರಡು ಮೂರು ಬೇಸಿಗೆಗಳಿಗೆ ಹರಡಿಕೊಂಡಿದ್ದರೆ ಅದನ್ನು ಮುಂದುವರಿಯುವ ಯೋಜನೆ ಎಂದು ಕಂಪನಿ ಮೊದಲೇ ಗುರುತಿಸಬೇಕು, ಇಲ್ಲದಿದ್ದರೆ ಮಾರ್ಚ್ 31ರೊಳಗೆ ಹಣ ಮುಗಿಸುವ ಅವಸರದಲ್ಲಿ ಗೋಡೆ ಹಾಳಾಗುತ್ತದೆ.

ಪ್ರಶ್ನೆ: ನಮ್ಮೂರಿನ ಹಲವರು ಕೊಲ್ಲಿ ದೇಶಗಳಲ್ಲಿದ್ದಾರೆ, ಗೋವಾದ ನೆಂಟರಲ್ಲಿ ಕೆಲವರು ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದು ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಎಲ್ಲರೂ ಹಳೆಯ ಇಗರ್ಜಿಗೆ ಹಣ ಕಳಿಸಲು ಸಿದ್ಧರಿದ್ದಾರೆ. ನೇರವಾಗಿ ಪಡೆಯಬಹುದೇ? (ಕುಮಟಾ)

ಉತ್ತರ: ಇವರನ್ನು ಎರಡು ಗುಂಪಾಗಿ ನೋಡಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುವವರು ತಮ್ಮ ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅರ್ಥದಲ್ಲಿ ವಿದೇಶಿ ವಂತಿಗೆಯಲ್ಲ. ಅದನ್ನು ಸಂಸ್ಥೆಯ ಸಾಮಾನ್ಯ ಖಾತೆಗೆ ಪಡೆದು, ಕಳಿಸಿದವರ ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರು, ಅವರ ಬಳಿ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಇದ್ದರೂ, ಈ ಕಾಯ್ದೆಗೆ ವಿದೇಶಿಯರೇ. ಅವರಿಂದ ಹಣ ಪಡೆಯಲು ಗೃಹ ಸಚಿವಾಲಯದ ನೋಂದಣಿ ಅಥವಾ ಆ ಕೆಲಸಕ್ಕೆಂದೇ ಪೂರ್ವಾನುಮತಿ ಬೇಕು, ಮತ್ತು 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೆಂಟರ ಹಣವಲ್ಲವೇ, ಊರಿನ ಯಾರದ್ದಾದರೂ ಖಾತೆಗೆ ತರಿಸಿ ಸಮಿತಿಗೆ ದಾಟಿಸಿದರಾಯಿತು ಎಂಬ ಸಲಹೆ ಕೊಡುವವರಿರುತ್ತಾರೆ. ದಯವಿಟ್ಟು ಅದನ್ನು ಕೇಳಬೇಡಿ. ಕಾಯ್ದೆ ಉಲ್ಲಂಘನೆಗೆ ದಂಡವೂ ಸೆರೆವಾಸವೂ ಇದೆ, ಮತ್ತು ಅದರ ಹೊಣೆ ಬೀಳುವುದು ಸಮಿತಿಯ ಪದಾಧಿಕಾರಿಗಳ ಮೇಲೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಲಾಟರಿಯ ಹಣದಿಂದ ಹಳೆಯ ಚರ್ಚುಗಳ ದುರಸ್ತಿ ಆಗುತ್ತದಂತೆ. ನಾವೂ ಲಕ್ಕಿ ಡ್ರಾ ಕೂಪನ್ ಮಾರಬಹುದೇ? (ಅಂಕೋಲಾ)

ಉತ್ತರ: ಮಾರಬಾರದು. ಬ್ರಿಟನ್ನಿನಲ್ಲಿ 1994ರಿಂದ ನಡೆಯುತ್ತಿರುವ ರಾಷ್ಟ್ರೀಯ ಲಾಟರಿಯ ಆದಾಯದಲ್ಲಿ ಪರಂಪರೆಯ ಪಾಲನ್ನು ಅಲ್ಲಿನ ಕಾನೂನೇ ಎತ್ತಿಟ್ಟಿದೆ. ಕರ್ನಾಟಕ 2007ರಲ್ಲಿಯೇ ಲಾಟರಿಯನ್ನು ನಿಷೇಧಿಸಿದೆ, ಅನುಮತಿಯಿಲ್ಲದ ಲಾಟರಿ ನಡೆಸುವುದು ಭಾರತೀಯ ನ್ಯಾಯ ಸಂಹಿತೆಯ 297ನೆಯ ಕಲಮಿನಡಿ ಅಪರಾಧ. ಟಿಕೆಟ್ ಇಟ್ಟು ಸಹಾಯಾರ್ಥ ಯಕ್ಷಗಾನದ ಆಟ ಆಡಿಸಿರಿ. ಒಳ್ಳೆಯ ಮೇಳದ ಒಂದು ರಾತ್ರಿಯ ಪ್ರದರ್ಶನಕ್ಕೆ ಜನ ಸಂತೋಷದಿಂದ ಹಣ ಕೊಡುತ್ತಾರೆ.

ಪ್ರಶ್ನೆ: ಸುಣ್ಣದ ಗಾರೆಯ ಕೆಲಸಕ್ಕೆ ದುಪ್ಪಟ್ಟು ಖರ್ಚು, ಸಿಮೆಂಟ್ ಬಳಸಿದರೆ ಅರ್ಧ ಹಣದಲ್ಲಿ ಮುಗಿಯುತ್ತದೆ ಎಂದು ನಮ್ಮ ಮೇಸ್ತ್ರಿ ಹೇಳುತ್ತಾರೆ. ಹಣದ ಅಡಚಣೆ ಇರುವಾಗ ಸಿಮೆಂಟ್ ಏಕಾಗಬಾರದು? (ಶಿರಸಿ)

ಉತ್ತರ: ಮೇಸ್ತ್ರಿಯವರ ಲೆಕ್ಕ ಈ ವರ್ಷದ ಮಟ್ಟಿಗೆ ಸರಿಯಿರಬಹುದು. ನಮ್ಮ ಹಳೆಯ ಕಟ್ಟಡಗಳ ಚಿರೇಕಲ್ಲು ರಂಧ್ರಗಳಿಂದ ತುಂಬಿದ ಕಲ್ಲು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಅದನ್ನು ಮೈಯಿಂದ ಹೊರಬಿಡುತ್ತದೆ. ಸುಣ್ಣದ ಗಿಲಾವು ಈ ಬಿಡುವಿಕೆಗೆ ಅಡ್ಡಿಯಾಗುವುದಿಲ್ಲ. ಸಿಮೆಂಟಿನ ಗಟ್ಟಿ ಪದರ ಬಳಿದರೆ ಬುಡದಿಂದಲೂ ಬಿರುಕುಗಳಿಂದಲೂ ಒಳಸೇರಿದ ನೀರು ಅಲ್ಲೇ ಉಳಿಯುತ್ತದೆ, ಕಡಲಗಾಳಿಯ ಉಪ್ಪು ಆ ಪದರದ ಹಿಂದೆ ಹರಳುಗಟ್ಟುತ್ತದೆ, ಹೊರಗಿನಿಂದ ಗೋಡೆ ನಯವಾಗಿ ಕಾಣುತ್ತಿರುವಾಗಲೇ ಒಳಗಿನ ಕಲ್ಲು ಪುಡಿಯಾಗುತ್ತಿರುತ್ತದೆ, ತೊಲೆಯ ತುದಿಗಳು ಮತ್ತಷ್ಟು ಬೇಗ ಕೊಳೆಯುತ್ತವೆ. ಕೆಲವು ವರ್ಷಗಳ ನಂತರ ಆ ಪದರವನ್ನು ಕಿತ್ತು ತೆಗೆಯುವುದಕ್ಕೂ, ಅದರೊಂದಿಗೆ ಕಿತ್ತುಬರುವ ಕಲ್ಲನ್ನು ಬದಲಿಸುವುದಕ್ಕೂ ಮತ್ತೆ ಹಣ ಎತ್ತಬೇಕಾಗುತ್ತದೆ, ಮತ್ತು ಒಂದೇ ಗೋಡೆಗೆ ಎರಡನೆಯ ಬಾರಿ ದಾನ ಕೊಡುವವರು ಕಡಿಮೆ.

ಸುಣ್ಣದ ನಿಜವಾದ ಬೆಲೆ ಸಮಯ. ಅದನ್ನು ನೀರಿನಲ್ಲಿ ಅರಳಿಸಿ ಕೊಳೆಯಿಸಲು ವಾರಗಳು ಬೇಕು, ಬಳಿದ ಮೇಲೆ ಪದರಪದರವಾಗಿ ನಿಧಾನವಾಗಿ ಒಣಗಬೇಕು, ಮಳೆಯಲ್ಲಿ ಈ ಕೆಲಸ ಆಗದು. ಕರಾವಳಿಯಲ್ಲಿ ಅಕ್ಟೋಬರ್ ಕೊನೆಯಿಂದ ಮೇ ತಿಂಗಳವರೆಗೆ ಮಾತ್ರ ಇಂಥ ಕಾಮಗಾರಿಗೆ ಬಿಡುವಿರುವುದರಿಂದ ಹಣ ಸೆಪ್ಟೆಂಬರಿನೊಳಗೆ ಕೈಗೆ ಬರುವಂತೆ ಮನವಿಗಳನ್ನು ಹಿಂದಿನ ಬೇಸಿಗೆಯಲ್ಲಿಯೇ ಸಲ್ಲಿಸಬೇಕು. ಫೆಬ್ರವರಿಯಲ್ಲಿ ಮಂಜೂರಾದ ಹಣದಿಂದ ಮಾಡು ಬಿಚ್ಚಿ, ಜೂನ್ ಮೊದಲ ವಾರಕ್ಕೆ ಮುಚ್ಚಲಾಗದೆ ಕಟ್ಟಡ ಕಳೆದುಕೊಳ್ಳುವ ಅಪಾಯ ಬೇಡ. ಕುಮಟಾ ಬಳಿಯ ಮಿರ್ಜಾನ್ ಕೋಟೆಗೆ ಒಮ್ಮೆ ಹೋಗಿ ಅಲ್ಲಿನ ಚಿರೇಕಲ್ಲಿನ ಗೋಡೆಗಳನ್ನು ಸಮಿತಿಯವರೆಲ್ಲ ನೋಡಿಬನ್ನಿ. ಮಳೆಗೆ ಈ ಕಲ್ಲು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಪ್ರಶ್ನೆ: ತಂದೆ ತಾಯಿಯ ಮದುವೆ ನಡೆದ ಪೀಠದ ಮುಂದೆ ನಾಟಕವೇ ಎಂದು ಊರಿನ ಹಿರಿಯ ಕ್ರೈಸ್ತರು ನೊಂದುಕೊಂಡಿದ್ದಾರೆ. ಅವರಿಂದ ದೇಣಿಗೆ ಕೇಳಲು ಸಂಕೋಚವಾಗುತ್ತದೆ. (ಹೊನ್ನಾವರ)

ಉತ್ತರ: ಆ ನೋವು ಗೌರವಕ್ಕೆ ಅರ್ಹವಾದದ್ದು, ಮತ್ತು ಚರ್ಚಿನ ಕಾನೂನು ಅದನ್ನು ಗಮನಿಸಿದೆ. 1983ರ ಧರ್ಮಸಂಹಿತೆಯ 1222ನೆಯ ವಿಧಿ ಆರಾಧನೆಗೆ ಬಳಸಲಾಗದ ಇಗರ್ಜಿಯನ್ನು ಧರ್ಮಾಧ್ಯಕ್ಷರು ಲೌಕಿಕ ಬಳಕೆಗೆ ಬಿಟ್ಟುಕೊಡಲು ಅವಕಾಶ ಕೊಡುತ್ತದೆ, ಆದರೆ ಆ ಬಳಕೆ ಹೀನವಾದದ್ದಾಗಿರಬಾರದು ಎಂದು ಕಟ್ಟುಪಾಡು ಹಾಕುತ್ತದೆ. ಪೀಠದ ಪಾವಿತ್ರ್ಯ ಅದರಿಂದ ತಾನಾಗಿ ಅಳಿಯುವುದಿಲ್ಲ ಎಂದು 1238ನೆಯ ವಿಧಿ ಬೇರೆಯಾಗಿಯೇ ಹೇಳುತ್ತದೆ. ಆದ್ದರಿಂದ ಧರ್ಮಾಧ್ಯಕ್ಷರ ಆದೇಶ ಲಿಖಿತವಾಗಿ ಇದೆಯೇ, ಪೀಠವನ್ನು ಏನು ಮಾಡಬೇಕೆಂದು ಅವರು ಸೂಚಿಸಿದ್ದಾರೆಯೇ ಎಂಬುದನ್ನು ಮೊದಲು ತಿಳಿದುಕೊಂಡು, ಅದನ್ನು ಊರಿನ ಹಿರಿಯರಿಗೆ ಓದಿ ಹೇಳಿರಿ. ಹಳೆಗೋವಾದ ಸಾಂತಾ ಮೋನಿಕಾ ಕಾನ್ವೆಂಟಿನ ಇಗರ್ಜಿ ಇಂದು ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯದ ನೆಲೆಯಾಗಿದೆ; ಅಲ್ಲಿ ಕಟ್ಟಡದ ನೆನಪಿಗೂ ಹೊಸ ಬಳಕೆಗೂ ಜಗಳವಿಲ್ಲ. ಗೋರಿಗಳು, ಹೆಸರು ಕೆತ್ತಿದ ಕಲ್ಲುಗಳು, ಗಂಟೆ ಇವುಗಳನ್ನು ಅಲುಗಾಡಿಸುವುದಿಲ್ಲ ಎಂದು ಸಮಿತಿ ಠರಾವು ಮಾಡಿ ಬರೆದುಕೊಡಲಿ, ಆ ಹಿರಿಯರಲ್ಲಿ ಇಬ್ಬರನ್ನು ಸಮಿತಿಯೊಳಗೆ ತೆಗೆದುಕೊಳ್ಳಲಿ. ದೇಣಿಗೆಯ ಮಾತು ಆಮೇಲಿರಲಿ.

ಪ್ರಶ್ನೆ: ದುರಸ್ತಿಗೆಂದು ಎರಡು ಮೂರು ವರ್ಷ ಹಣ ಕೂಡಿಟ್ಟರೆ ತೆರಿಗೆ ಬೀಳುತ್ತದೆಯೇ? ದಾನಿಗಳಿಗೆ ವಿನಾಯಿತಿ ಕೊಡುವುದು ಹೇಗೆ? (ಕಾರವಾರ)

ಉತ್ತರ: 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಓದುಗರಿಗೆ ಪರಿಚಯವಿರುವ 1961ರ ಕಾಯ್ದೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಿದ್ದೇನೆ. ಧರ್ಮಾರ್ಥ ಸಂಸ್ಥೆ ತನ್ನ ವರ್ಷದ ಆದಾಯದ 85 ಶೇಕಡಾವನ್ನು ಉದ್ದೇಶಕ್ಕಾಗಿ ಖರ್ಚು ಮಾಡಬೇಕೆಂಬುದು ಸಾಮಾನ್ಯ ನಿಯಮ. ಅಷ್ಟು ಖರ್ಚಾಗದಿದ್ದರೆ, ಮಾಡು ಮತ್ತು ಗೋಡೆಯ ದುರಸ್ತಿಗೆಂದು ಉದ್ದೇಶವನ್ನು ನಿರ್ದಿಷ್ಟವಾಗಿ ನಮೂದಿಸಿ 10ನೆಯ ನಮೂನೆಯನ್ನು ಗಡುವಿನೊಳಗೆ ಸಲ್ಲಿಸಿದರೆ ಐದು ವರ್ಷದವರೆಗೆ ಕೂಡಿಡಲು ಅವಕಾಶವಿದೆ. ಮೂಲನಿಧಿಗೆಂದು ದಾನಿ ಲಿಖಿತವಾಗಿ ಸೂಚಿಸಿ ಕೊಟ್ಟ ಹಣವನ್ನು ಬೇರೆ ಠೇವಣಿಯಲ್ಲಿಟ್ಟು ಅದರ ಬಡ್ಡಿಯನ್ನು ಪ್ರತಿವರ್ಷದ ಹೆಂಚು ಮತ್ತು ಚರಂಡಿಯ ಕೆಲಸಕ್ಕೆ ಬಳಸಬಹುದು. ಟ್ರಸ್ಟ್‌ಪತ್ರದ ಉದ್ದೇಶಗಳಲ್ಲಿ ಕಲೆಯ ಪ್ರಸಾರದ ಜೊತೆಗೆ ಐತಿಹಾಸಿಕ ಮಹತ್ವದ ಕಟ್ಟಡದ ಸಂರಕ್ಷಣೆ ಎಂಬ ಮಾತು ಇರಲೇಬೇಕು. ಕಾಯ್ದೆ ಅದನ್ನು ಧರ್ಮಾರ್ಥ ಉದ್ದೇಶವೆಂದು ಪ್ರತ್ಯೇಕವಾಗಿ ಹೆಸರಿಸಿದೆ.

ದಾನಿಗಳಿಗೆ 80ಜಿ ಅಡಿಯಲ್ಲಿ ಸಾಮಾನ್ಯವಾಗಿ ಕೊಟ್ಟ ಹಣದ ಅರ್ಧದಷ್ಟನ್ನು, ಆದಾಯದ ಮಿತಿಗೆ ಒಳಪಟ್ಟು, ತೆರಿಗೆಗೆ ಗುರಿಯಾಗುವ ಆದಾಯದಿಂದ ಕಳೆಯಲು ಸಿಗುತ್ತದೆ. 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಇದು ಅನ್ವಯಿಸುವುದಿಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡ ದಾನಿಗೂ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ. ನಿಮ್ಮ ಸಂಸ್ಥೆ ಮುಂದಿನ ಮೇ 31ರೊಳಗೆ ದಾನಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಟ್ಟರೆ ಮಾತ್ರ ದಾನಿಯ ಹಕ್ಕು ನಿಲ್ಲುತ್ತದೆ, ಆದ್ದರಿಂದ ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುಂಚೆಯೇ ಪ್ರತಿ ದಾನಿಯ ಪ್ಯಾನ್ ಸಂಖ್ಯೆ ಮತ್ತು ವಿಳಾಸಕ್ಕೆ ಅದರಲ್ಲಿ ಜಾಗ ಬಿಡಿಸಿ.